ಬೆಳ್ಳಿಯ ಕಣ್ಣು ಒರೆಸಿದ ಪ್ರಸಂಗ

ಮಾವ ತೀರಿಕೊಂಡಾಗ ಅಳಿಯ ಎಷ್ಟು ಅಳಬೇಕು ಎಂಬುದಕ್ಕೆ ಎಲ್ಲಿಯೂ ನಿಯಮವಿಲ್ಲ. ಜೋರಾಗಿ ಅತ್ತರೆ ನಾಟಕ ಎನ್ನುತ್ತಾರೆ. ಅಳದಿದ್ದರೆ ಕಲ್ಲು ಮನಸ್ಸು ಎನ್ನುತ್ತಾರೆ. ಶಿವಮೊಗ್ಗದ ಆಲ್ಕೊಳದಲ್ಲಿ ವಾಸವಾಗಿರುವ, ಸರ್ಕಾರಿ ಕಚೇರಿಯೊಂದರ ಪ್ರಥಮ ದರ್ಜೆ ಸಹಾಯಕ ವಿಷ್ಣುಪ್ರಸಾದರು ಮಧ್ಯಮ ಪ್ರಮಾಣದಲ್ಲಿ ಅಳುವ ಸದುದ್ದೇಶದಿಂದಲೇ ಭದ್ರಾವತಿಯ ಬಸ್ಸು ಹತ್ತಿದ್ದರು. ಆದರೆ ತಲುಪಿದ ಕೂಡಲೇ ಶಾಮಿಯಾನದವನಿಗೆ ಫೋನ್ ಮಾಡುವ ಕೆಲಸ ಅವರ ಪಾಲಿಗೆ ಬಂತು. ಅವರು ಅಡ್ಡರಸ್ತೆಯ ಸಂಖ್ಯೆ ತಪ್ಪು ಹೇಳಿದ್ದರಿಂದ ಈ ಮನೆಯ ಪ್ಲಾಸ್ಟಿಕ್ ಕುರ್ಚಿಗಳು ಪಕ್ಕದ ರಸ್ತೆಯ ನಾಮಕರಣದ ಮನೆಗೆ ಹೋದವು. ನಾಮಕರಣದ ಮನೆಯ ಕೆಂಪು ಜರಿ ಹೊದಿಸಿದ ಕುರ್ಚಿಗಳು ಇಲ್ಲಿಗೆ ಬಂದವು. ಅವನ್ನು ಅದಲುಬದಲು ಮಾಡಿಸುವುದರಲ್ಲಿ ಮೊದಲ ದಿನ ಕಳೆಯಿತು. ಮರಣ ಪ್ರಮಾಣಪತ್ರದ ಅರ್ಜಿಯಲ್ಲಿ ತೀರಿಕೊಂಡವರ ಹೆಸರು ಬರೆಯುವ ಜಾಗದಲ್ಲಿ ಅಭ್ಯಾಸಬಲದಿಂದ ತಮ್ಮ ಹೆಸರನ್ನೇ ಬರೆದು ಕೊಟ್ಟು, ಅದನ್ನು ವಾಪಸು ಪಡೆಯುವುದರಲ್ಲಿ ಎರಡನೆಯ ದಿನ ಹೋಯಿತು. ಅಳುವುದಕ್ಕೆ ಅವರಿಗೆ ಸಮಯವೇ ಸಿಗಲಿಲ್ಲ.

ತೀರಿಕೊಂಡವರು ನರಸಿಂಹಮೂರ್ತಿಗಳು. ಭದ್ರಾವತಿಯ ಹೈಸ್ಕೂಲೊಂದರಲ್ಲಿ ಮೂವತ್ತೆರಡು ವರ್ಷ ಸಂಸ್ಕೃತ ಕಲಿಸಿ ನಿವೃತ್ತರಾದವರು. ಎಂಬತ್ತೊಂದು ವಯಸ್ಸು. ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದು, ಹದಿಮೂರನೆಯ ದಿನ ಯಾರಿಗೂ ತೊಂದರೆ ಕೊಡದೆ ಹೊರಟುಹೋದರು. ಮನೆಯಲ್ಲಿ ಅವರ ಹೆಂಡತಿ ಪುಟ್ಟಲಕ್ಷ್ಮಮ್ಮ, ಮಗ ಪ್ರಕಾಶ್, ಮತ್ತು ಬೆಳ್ಳಿ ಇದ್ದರು. ಪ್ರಕಾಶ್ ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಗುಮಾಸ್ತ, ದಿನಾ ಹೋಗಿ ಬರುತ್ತಾನೆ. ಬೆಳ್ಳಿ ಒಂಬತ್ತು ವರ್ಷದ ಬಿಳಿ ಪಮೇರಿಯನ್ ನಾಯಿ, ಎಲ್ಲಿಗೂ ಹೋಗುವುದಿಲ್ಲ.

ಮೂರನೆಯ ದಿನ ಮಧ್ಯಾಹ್ನ ವಿಷ್ಣುಪ್ರಸಾದರು ಜಗಲಿಯಲ್ಲಿ ಬಂದವರಿಗೆ ನೀರು ಕೊಡುತ್ತಿದ್ದಾಗ ವೇದತ್ತೆ ಅವರನ್ನು ಹಿಡಿದುಕೊಂಡರು. ವೇದತ್ತೆ ಎಂದರೆ ತೀರಿಕೊಂಡವರ ತಂಗಿ, ತೀರ್ಥಹಳ್ಳಿಯವರು. ಸಾವಿನ ಮನೆಯಲ್ಲಿ ಯಾರು ಎಷ್ಟು ಅತ್ತರು ಎಂಬ ಹಾಜರಿ ಅವರ ಬಳಿ ಸದಾ ಇರುತ್ತದೆ.

"ಅಲ್ಲ ವಿಷ್ಣು, ನಾನೂ ಮೂರು ದಿನದಿಂದ ನೋಡ್ತಾ ಇದೀನಿ. ಒಂದು ಹನಿ ಇಲ್ಲ ಮಾರಾಯ ನಿನ್ನ ಕಣ್ಣಲ್ಲಿ. ಇಪ್ಪತ್ತು ವರ್ಷ ಇದೇ ಮನೇಲಿ ದೀಪಾವಳಿ ಹೋಳಿಗೆ ತಿಂದಿದೀಯ."

ಜಗಲಿಯ ಮೇಲಿದ್ದ ಹದಿನಾಲ್ಕು ಜನ ತಿರುಗಿ ವಿಷ್ಣುಪ್ರಸಾದರ ಕಣ್ಣು ನೋಡಿದರು. ಅವು ಒಣಗಿದ್ದವು. ಶಾಮಿಯಾನದವನ ಜೊತೆ ಜಗಳವಾಡಿದ ಕಣ್ಣುಗಳವು, ಇನ್ನೇನಾಗಿರಲು ಸಾಧ್ಯ? ಅದೇ ಹೊತ್ತಿಗೆ ಎದುರು ಮನೆಯ ಚಿನ್ನಮ್ಮ ಹಾಲಿನ ಪ್ಯಾಕೆಟ್ಟು ಹಿಡಿದು ಮೆಟ್ಟಿಲು ಹತ್ತಿದರು. ಅವರ ಗಂಡ ಉಕ್ಕಿನ ಕಾರ್ಖಾನೆಯಲ್ಲಿದ್ದವರು. ಮಾತು ಕನ್ನಡವೇ ಆದರೂ ಉದ್ವೇಗ ತಮಿಳಿನಲ್ಲಿ ಬರುತ್ತದೆ.

"ಐಯೋ ಪಾವಂ! ಅಲ್ಲಿ ನೋಡಿ ಸಾಮಿ, ನಾಯಿ ಅಳ್ತಾ ಇದೆ!"

ಎಲ್ಲರೂ ನೋಡಿದರು. ಮೇಷ್ಟರ ಈಸಿಚೇರಿನ ಕೆಳಗೆ ಬೆಳ್ಳಿ ಮಲಗಿತ್ತು. ಅದರ ಎರಡೂ ಕಣ್ಣುಗಳಿಂದ ನೀರು ಇಳಿದು ಮೂಗಿನ ಅಕ್ಕಪಕ್ಕದ ಬಿಳಿ ಕೂದಲು ಕಾಫಿ ಬಣ್ಣಕ್ಕೆ ತಿರುಗಿತ್ತು. ಮನುಷ್ಯನಿಗೆ ಇಕ್ಕಟ್ಟಿನಲ್ಲಿ ಕೆಲವೊಮ್ಮೆ ಯೋಗ್ಯತೆ ಮೀರಿದ ಮಾತು ಹೊರಡುತ್ತದೆ. ವಿಷ್ಣುಪ್ರಸಾದರು ನೀರಿನ ಚೊಂಬು ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು ಹೇಳಿದರು:

"ಮಾವ ಹೋದ ಗಳಿಗೆಯಿಂದ ಹೀಗೇ ಅಳ್ತಿದೆ ಚಿನ್ನಮ್ಮ. ನಮಗಾದರೂ ಬಾಯಿದೆ, ಹೇಳ್ಕೊಂಡು ಹಗುರ ಮಾಡ್ಕೋತೀವಿ. ಅದು ಯಾರಿಗೆ ಹೇಳಬೇಕು? ಅದನ್ನ ನೋಡಿ ನೋಡಿಯೇ ನನ್ನ ಕಣ್ಣೀರು ಬತ್ತಿಹೋಗಿದೆ."

ಮಾತು ಎಷ್ಟು ಚೆನ್ನಾಗಿ ಕೂತಿತೆಂದರೆ ಸ್ವತಃ ಅವರಿಗೇ ಆಶ್ಚರ್ಯವಾಯಿತು. ವೇದತ್ತೆ ಸೆರಗಿಗೆ ಮುಖ ಒತ್ತಿ ಹೊಸದಾಗಿ ಅಳತೊಡಗಿದರು. ಹದಿನಾಲ್ಕು ಜನರೂ ವಿಷ್ಣುಪ್ರಸಾದರ ಕಣ್ಣು ಬಿಟ್ಟು ನಾಯಿಯ ಕಣ್ಣು ನೋಡತೊಡಗಿದರು. ಬಾಗಿಲ ಬಳಿ ಕೂತಿದ್ದ ಪುಟ್ಟಲಕ್ಷ್ಮಮ್ಮ ಒಮ್ಮೆ ಅಳಿಯನನ್ನೂ ಒಮ್ಮೆ ನಾಯಿಯನ್ನೂ ನೋಡಿ ಸುಮ್ಮನಾದರು.

ಚಿನ್ನಮ್ಮನ ಮಗ ಯುವರಾಜನದು ಮೊಬೈಲಿನಲ್ಲೇ ನಡೆಯುವ ಒಂದು ಸುದ್ದಿ ಚಾನೆಲ್. ಚರಂಡಿ, ಹೊಂಡ, ಕರೆಂಟು ಹೋದದ್ದು ಇವೇ ಅವನ ಸುದ್ದಿಗಳು. ಮರುದಿನ ಬೆಳಿಗ್ಗೆ ಅವನು ಮೈಕು ಹಿಡಿದು ಬಂದ. ವಿಷ್ಣುಪ್ರಸಾದರು ಹಿಂದಿನ ದಿನದ ಮಾತನ್ನೇ ಇನ್ನಷ್ಟು ನಿಧಾನವಾಗಿ, "ಗಳಿಗೆ" ಎಂಬಲ್ಲಿ ಸ್ವಲ್ಪ ತಡೆದು ಹೇಳಿದರು. ಹಿನ್ನೆಲೆಗೆ ಶೆಹನಾಯಿ ಹಾಕಿದ ಆ ವಿಡಿಯೋವನ್ನು ಸಂಜೆಯೊಳಗೆ ಹೊಸಮನೆ, ಜನ್ನಾಪುರ, ಪೇಪರ್ ಟೌನ್ ಎಲ್ಲ ಕಡೆ ಜನ ನೋಡಿದರು. ಐದನೆಯ ದಿನದಿಂದ ಮನೆಗೆ ಗುರುತಿಲ್ಲದವರು ಬರತೊಡಗಿದರು. ಅವರು ಚಪ್ಪಲಿ ಬಿಟ್ಟು, ಮೇಷ್ಟರ ಫೋಟೋಗೆ ಅರ್ಧ ನಮಸ್ಕಾರ ಮಾಡಿ, ನೇರವಾಗಿ ಈಸಿಚೇರಿನ ಕೆಳಗೆ ಬಗ್ಗುತ್ತಿದ್ದರು.

"ಇದೇನಾ ಅದು?"

"ಇದೇ."

"ಈಗ ಅಳ್ತಿದೆಯಾ?"

"ನೋಡಿ, ಎಡಗಣ್ಣಲ್ಲಿ ಬರ್ತಿದೆ."

ರಸ್ತೆಗೆ ಶಾಮಿಯಾನ ಚಾಚಿದೆ ಎಂಬ ದೂರಿನ ಮೇಲೆ ಒಬ್ಬ ಅಧಿಕಾರಿಯೂ ಬಂದರು. ನೋಟಿಸಿನ ಪುಸ್ತಕ ತೆರೆದು ಪೆನ್ನಿನ ಕ್ಯಾಪು ತೆಗೆದದ್ದೂ ಆಯಿತು. ಬೆಳ್ಳಿ ತಲೆಯೆತ್ತಿ ಅವರನ್ನು ನೋಡಿತು. ಅವರು ಕ್ಯಾಪು ಹಾಕಿ, "ನಮ್ಮ ಮನೇಲಿ ಮೂರು ಜನ ಮಕ್ಕಳಿದ್ದಾರೆ ಸಾರ್, ನಾಳೆ ನಾನು ಹೋದ್ರೆ ಇಷ್ಟು ಅಳ್ತಾರೆ ಅನ್ನೋ ನಂಬಿಕೆ ನನಗಿಲ್ಲ" ಎಂದು ಹೇಳಿ, ಶಾಮಿಯಾನವನ್ನು ಇನ್ನೊಂದು ಅಡಿ ಬೇಕಾದರೆ ಮುಂದಕ್ಕೆ ಎಳೆದುಕೊಳ್ಳಲು ಬಾಯಿಮಾತಿನ ಅನುಮತಿ ಕೊಟ್ಟು ಹೋದರು.

ಇದರ ತೊಂದರೆ ತಟ್ಟಿದ್ದು ನೆಂಟರಿಗೆ. ನಾಯಿ ಒಂದೇ ಸಮನೆ ಅಳುತ್ತಿರುವ ಮನೆಯಲ್ಲಿ ಮನುಷ್ಯರು ಸುಮ್ಮನೆ ಕೂತು ಉಪ್ಪಿಟ್ಟು ತಿನ್ನುವುದು ಹೇಗೆ? ಬಂದವರು ಬೆಳ್ಳಿಯನ್ನು ನೋಡಿ, ಆಮೇಲೆ ಪ್ರಕಾಶನನ್ನು ನೋಡಿ, ತಲೆಯಾಡಿಸುತ್ತಿದ್ದರು. ಕರ್ಮಕ್ಕೆ ಕೂತು ಬಳಲಿದ್ದ ಪ್ರಕಾಶ್, "ನಾನೂ ಅಳ್ತಿದೀನಿ ಮಾರಾಯ್ರೇ, ಬೆಳಿಗ್ಗೆ ಸ್ನಾನದ ಮನೇಲಿ ಅಳ್ತೀನಿ" ಎಂದು ಕಂಡಕಂಡವರಿಗೆ ಹೇಳಬೇಕಾಯಿತು. ವೇದತ್ತೆ ಮಾತ್ರ ಸೋಲೊಪ್ಪಲಿಲ್ಲ. ನಾಯಿಗೆ ಸರಿಸಮನಾಗಿ ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಅತ್ತರು. ಏಳನೆಯ ದಿನಕ್ಕೆ ಅವರ ಗಂಟಲು ಕಟ್ಟಿತು.

ಅದೇ ಏಳನೆಯ ದಿನ ಹಳೆಯ ವಿದ್ಯಾರ್ಥಿಗಳ ಸಂಘದ ಶಿವಕುಮಾರ್ ಬಂದ. ಹಾರ್ಡ್‌ವೇರ್ ಅಂಗಡಿಯವನು. ಮೇಷ್ಟರ ಕೈಯಲ್ಲಿ ಸಂಸ್ಕೃತದಲ್ಲಿ ಮೂರು ಸಲ ಫೇಲಾಗಿ, ಆ ಕಾರಣಕ್ಕೆ ಅವರ ಮೇಲೆ ಅಪಾರ ಭಕ್ತಿ ಇಟ್ಟುಕೊಂಡಿದ್ದ.

"ಹದಿಮೂರನೇ ದಿನ ಶ್ರದ್ಧಾಂಜಲಿ ಸಭೆ ಇಟ್ಕೊಂಡಿದೀವಿ ಸಾರ್. ಅವತ್ತು ಬೆಳ್ಳಿಗೆ 'ಶ್ವಾನಶ್ರೇಷ್ಠ' ಅಂತ ಬಿರುದು ಕೊಡ್ತೀವಿ. ಶಾಲು ಹೊಲಿಯಕ್ಕೆ ಕೊಟ್ಟಾಗಿದೆ, ಅಳತೆ ಅಂದಾಜಲ್ಲಿ ಕೊಟ್ವಿ. ಬೆಳ್ಳಿ ಪರವಾಗಿ ನೀವೇ ಎರಡು ಮಾತಾಡಬೇಕು. ಆ ಬತ್ತಿಹೋದ ಕಣ್ಣೀರಿನ ಮಾತು ಬರಲೇಬೇಕು."

ವಿಷ್ಣುಪ್ರಸಾದರಿಗೆ ಕಚೇರಿಯಲ್ಲಿ ಇಪ್ಪತ್ತೊಂದು ವರ್ಷದಲ್ಲಿ ಯಾರೂ ಎರಡು ಮಾತಾಡಿ ಎಂದಿರಲಿಲ್ಲ. ಅವರು ಒಪ್ಪಿದರು.

ಈ ಗದ್ದಲದಲ್ಲಿ ಒಂದು ಸಂಗತಿಯನ್ನು ಯಾರೂ ಗಮನಿಸಲಿಲ್ಲ. ಬೆಳ್ಳಿಯ ಕಣ್ಣು ಕೆಡುತ್ತಿತ್ತು. ನೀರಿನ ಜಾಗದಲ್ಲಿ ಹಳದಿ ಪಿಸುರು ಬರತೊಡಗಿತ್ತು. ಬೆಳಗಾದರೆ ರೆಪ್ಪೆಗಳು ಅಂಟಿಕೊಂಡು ಎಡಗಣ್ಣು ತೆರೆಯುತ್ತಲೇ ಇರಲಿಲ್ಲ. ಅದು ಮುಂಗಾಲಿನಿಂದ ಮುಖ ಉಜ್ಜಿಕೊಂಡರೆ ಬಂದವರು "ಕಣ್ಣು ಒರೆಸ್ಕೋತಿದೆ ಪಾಪ" ಎಂದು ವಿಡಿಯೋ ಮಾಡುತ್ತಿದ್ದರು. ಎಂಟನೆಯ ದಿನ ಬೆಳಿಗ್ಗೆ ಬೆಳ್ಳಿ ನೀರಿನ ಬಟ್ಟಲು ಕಾಣದೆ ಅದರೊಳಗೇ ಕಾಲಿಟ್ಟಿತು. ವಿಷ್ಣುಪ್ರಸಾದರು ಪಂಚೆಯ ತುದಿ ತೆಗೆದುಕೊಂಡು ಒರೆಸಲು ಹೋದರು.

"ಮುಟ್ಟಬೇಡ!" ಎಂದರು ವೇದತ್ತೆ, ಕಟ್ಟಿದ ಗಂಟಲಿನಲ್ಲೇ. "ಹತ್ತು ದಿನ ಆಗೋ ತನಕ ಅಳೋರ ಕಣ್ಣೀರು ತಡೀಬಾರದು. ದುಃಖ ಒಳಗೇ ಉಳಿಯುತ್ತೆ."

ಒರೆಸಬಾರದು ಎಂಬುದಕ್ಕೆ ಎಲ್ಲರ ಒಪ್ಪಿಗೆ ಇತ್ತು, ಹಾಕಬಹುದು ಎಂಬುದಕ್ಕೂ ಇತ್ತು. ಚಿನ್ನಮ್ಮ ನಂದಿಬಟ್ಟಲ ಹೂವಿನ ರಸ ಹಿಂಡಲು ಹೇಳಿದರು. ಒಬ್ಬರು ಜೇನುತುಪ್ಪ ಎಂದರು. ಪ್ರಕಾಶ್ ಅಪ್ಪನ ಕಣ್ಣಿನ ಪೊರೆ ತೆಗೆಸಿದಾಗ ಉಳಿದಿದ್ದ ಡ್ರಾಪ್ಸ್ ಹುಡುಕಿ ತಂದ. ಅದರ ಅವಧಿ ಮುಗಿದು ಎರಡು ವರ್ಷವಾಗಿತ್ತು. ವಿಷ್ಣುಪ್ರಸಾದರು ಸೀಸೆಯ ತಾರೀಕು ಓದಿದರು, ನಾಯಿಯ ಕಣ್ಣು ನೋಡಿದರು. ಅವರಿಗೆ ಜೀವನದಲ್ಲಿ ಅಪರೂಪಕ್ಕೊಮ್ಮೆ ಆಗುವಂತೆ ಭಯವಾಯಿತು. ಅಳುತ್ತಿದೆ ಎಂದು ಊರಿಗೆಲ್ಲ ಹೇಳಿದವರು ತಾವೇ. ನಾಳೆ ಇದು ಕುರುಡಾದರೆ ಶಾಲು ಹೊದಿಸಿಕೊಂಡು ಬಂದು ಯಾರ ಮುಖ ನೋಡಬೇಕು?

"ಬೆಳ್ಳೀನ ಒಂದು ಸಲ ಗಾಜನೂರಿಗೆ ಕರ್ಕೊಂಡು ಹೋಗಿ ಬರ್ತೀನಿ" ಎಂದು ಅವರು ಘೋಷಿಸಿದರು. "ಡ್ಯಾಮಿನ ನೀರು ನೋಡಿದ್ರೆ ಮನಸ್ಸಿಗೆ ಸಮಾಧಾನ ಆಗುತ್ತೆ."

"ಯಾರ ಮನಸ್ಸಿಗೆ?" ಎಂದಳು ಹೆಂಡತಿ ಶರಾವತಿ.

"ನಾಯಿ ಮನಸ್ಸಿಗೆ."

ಇದು ಎಲ್ಲರಿಗೂ ಉಚಿತವೆಂದೇ ಕಂಡಿತು. ಪ್ರಕಾಶ್ ತನ್ನ ಕಾರಿನ ಕೀಲಿ ಕೊಟ್ಟ. ವಿಷ್ಣುಪ್ರಸಾದರು ಗಾಜನೂರಿನ ದಾರಿ ಹಿಡಿಯದೆ ಶಿವಮೊಗ್ಗದಲ್ಲೇ ನಿಲ್ಲಿಸಿ, ಪಶುವೈದ್ಯೆ ಡಾಕ್ಟರ್ ಕವನ ಅವರ ಕ್ಲಿನಿಕ್ಕಿನಲ್ಲಿ ಒಂದು ಹೋತ ಮತ್ತು ಎರಡು ಬೆಕ್ಕುಗಳ ಹಿಂದೆ ಸರದಿಯಲ್ಲಿ ಕೂತರು.

"ಯಾವಾಗಿಂದ ಹೀಗೆ?" ಎಂದರು ಡಾಕ್ಟರು.

"ನಮ್ಮ ಮಾವ ಹೋದ ಗಳಿಗೆಯಿಂದ..." ಎಂದು ವಿಷ್ಣುಪ್ರಸಾದರು ಸ್ವಲ್ಪ ತಡೆದರು. ಡಾಕ್ಟರು ಟಾರ್ಚು ಹಿಡಿದು ನಾಯಿಯ ಕಣ್ಣು ನೋಡುತ್ತಿದ್ದರೇ ಹೊರತು ಇವರ ಮುಖ ನೋಡುತ್ತಿರಲಿಲ್ಲ. "ಅದು ಬಹಳ ದುಃಖದಲ್ಲಿದೆ ಡಾಕ್ಟ್ರೇ."

"ಊಟ ಮಾಡುತ್ತಾ?"

"ಮೂರು ಹೊತ್ತು. ಬಂದವರು ಬಿಸ್ಕೆಟ್ ಬೇರೆ ತರ್ತಾರೆ."

"ನಿದ್ದೆ?"

"ನಮ್ಮೆಲ್ಲರಿಗಿಂತ ಚೆನ್ನಾಗಿ."

"ಇದು ದುಃಖ ಅಲ್ಲ ಸರ್, ಕೂದಲು. ನೋಡಿ ಇಲ್ಲಿ, ಮೂಗಿನ ಹತ್ತಿರದ ಕೂದಲು ಬೆಳೆದು ಕಣ್ಣಿಗೆ ಚುಚ್ತಾ ಇದೆ. ಜೊತೆಗೆ ಇದರ ಕಣ್ಣೀರಿನ ನಾಳ ಸ್ವಲ್ಪ ಕಟ್ಟಿದೆ, ಹಾಗಾಗಿ ನೀರೆಲ್ಲ ಹೊರಗೇ ಬರುತ್ತೆ. ನಾಯಿಗಳು ದುಃಖಕ್ಕೆ ಕಣ್ಣೀರು ಹಾಕಲ್ಲ. ಬೇಜಾರಾದ್ರೆ ಮಂಕಾಗ್ತವೆ, ಊಟ ಬಿಡ್ತವೆ. ಯಾರೂ ಒರೆಸ್ತಿರಲಿಲ್ವಾ?"

"ಒರೆಸಬಾರದು ಅಂತ ನಮ್ಮ ವೇದತ್ತೆ..."

"ಇನ್ನೊಂದು ವಾರ ಹೀಗೇ ಬಿಟ್ಟಿದ್ರೆ ಕಣ್ಣಿನ ಮೇಲೆ ಹುಣ್ಣಾಗ್ತಿತ್ತು. ಎಡಗಣ್ಣು ಹೋಗ್ತಿತ್ತು."

ವಿಷ್ಣುಪ್ರಸಾದರು ಬೆಂಚಿನ ಮೇಲೆ ಕೂತುಬಿಟ್ಟರು. ಡಾಕ್ಟರು ದುಂಡು ತುದಿಯ ಕತ್ತರಿಯಿಂದ ಕೂದಲು ಕತ್ತರಿಸಿ, ನಾಯಿಗೆಂದೇ ಇರುವ ಮುಲಾಮು ಬರೆದುಕೊಟ್ಟು, ಉಳಿದದ್ದನ್ನು ಬಾಯಿಯಲ್ಲೇ ಹೇಳಿದರು. ನೀರು ಕುದಿಸಿ ಆರಿಸಬೇಕು. ಶುದ್ಧ ಹತ್ತಿಯನ್ನು ಅದರಲ್ಲಿ ಅದ್ದಿ, ಅಂಟಿಕೊಂಡ ಪಿಸುರಿನ ಮೇಲೆ ಒಂದು ನಿಮಿಷ ಇಟ್ಟು ನೆನೆಸಬೇಕು, ಕೀಳಬಾರದು. ಆಮೇಲೆ ಮೂಗಿನ ಕಡೆಯಿಂದ ಹೊರಕ್ಕೆ ಹಗುರವಾಗಿ ಒರೆಸಬೇಕು. ಒಂದು ಕಣ್ಣಿಗೆ ಹಾಕಿದ ಹತ್ತಿ ಇನ್ನೊಂದಕ್ಕೆ ಹಾಕಬಾರದು. ಮನುಷ್ಯರ ಡ್ರಾಪ್ಸ್ ಬೇಡ, ಜೇನು ಬೇಡ, ಹೂವಿನ ರಸ ಬೇಡ.

"ದಿನಾ ಮಾಡಬೇಕು ಸರ್. ಇದಕ್ಕೆ ಇದು ಜೀವನ ಪೂರ್ತಿ ಇರೋದೇ."

ವಿಷ್ಣುಪ್ರಸಾದರು ಇದನ್ನೆಲ್ಲ ತಮ್ಮ ಭಾಷಣದ ಟಿಪ್ಪಣಿಯ ಹಿಂಬದಿಗೆ ಬರೆದುಕೊಂಡರು. ವಾಪಸು ಬಂದಾಗ ಗಾಜನೂರಿನಲ್ಲಿ ನೀರು ಎಷ್ಟಿತ್ತು ಎಂದು ಶರಾವತಿ ಕೇಳಿದಳು. "ಬೇಕಾದಷ್ಟಿತ್ತು" ಎಂದರು.

ಒಂಬತ್ತನೆಯ ದಿನ ಬೆಳಿಗ್ಗೆ ಅವರು ಅಡುಗೆಮನೆಯಲ್ಲಿ ನೀರು ಕುದಿಸಿದರು. ಏತಕ್ಕೆ ಎಂದು ಕೇಳಿದ ವೇದತ್ತೆಗೆ ಕಾಲು ನೋವು ಎಂದರು. ಆ ನೀರನ್ನು ಆರಲು ಇಟ್ಟುಕೊಂಡು ಅರ್ಧ ಗಂಟೆ ಎದುರಿಗೇ ಕಾದು ಕೂತದ್ದನ್ನು ನೋಡಿ ವೇದತ್ತೆ, "ಕಾಲು ನೋವಿಗೆ ಬಿಸಿ ನೀರಲ್ವೇನೋ?" ಎಂದರು. "ಇದು ಬೇರೆ ತರದ ನೋವು" ಎಂದು ಚೊಂಬು ಎತ್ತಿಕೊಂಡು, ಬೆಳ್ಳಿಯನ್ನೂ ಕಂಕುಳಲ್ಲಿ ಹಿಡಿದುಕೊಂಡು ಬಚ್ಚಲುಮನೆ ಸೇರಿದರು. ಒಳಗೆ ಏನು ನಡೆಯಿತೋ, ಹೊರಗೆ ಕೂತವರಿಗೆ ಕೇಳಿಸಿದ್ದು ಇಷ್ಟೇ: "ಅಲ್ಲಾಡಬೇಡವೇ... ಆಯ್ತು ಆಯ್ತು... ಮೂಗಿನಿಂದ ಹೊರಕ್ಕೆ... ಮಾವ, ಕ್ಷಮಿಸಿ."

ಇಪ್ಪತ್ತು ನಿಮಿಷದ ನಂತರ ಬಾಗಿಲು ತೆರೆಯಿತು. ಸರಿಯಾಗಿ ಅದೇ ಹೊತ್ತಿಗೆ ಶಿವಕುಮಾರ್ ಶಾಲು ಹಿಡಿದು, ಆರು ಜನ ಹಳೆಯ ವಿದ್ಯಾರ್ಥಿಗಳನ್ನು ಕರೆದುಕೊಂಡು ಅಳತೆ ನೋಡಲು ಬಂದಿದ್ದ. ಯುವರಾಜನೂ ಕ್ಯಾಮೆರಾ ಹಿಡಿದಿದ್ದ. ಬೆಳ್ಳಿ ಬಚ್ಚಲುಮನೆಯಿಂದ ಹೊರಬಂದು, ಎರಡೂ ಕಣ್ಣು ಅಗಲವಾಗಿ ತೆರೆದು, ಎಷ್ಟೋ ದಿನದ ಮೇಲೆ ಜಗತ್ತು ಕಂಡ ಸಂತೋಷಕ್ಕೆ ಬಾಲ ಅಲ್ಲಾಡಿಸುತ್ತಾ ಜಗಲಿಯ ಈ ತುದಿಯಿಂದ ಆ ತುದಿಗೆ ಮೂರು ಸುತ್ತು ಓಡಿತು. ನಂತರ ಶಾಲನ್ನು ಕಚ್ಚಿಕೊಂಡು ಎಳೆಯಿತು.

ಯುವರಾಜ ಕ್ಯಾಮೆರಾ ಕೆಳಗಿಳಿಸಿದ.

"ಇದು ನಗ್ತಾ ಇದೆಯಲ್ರೀ" ಎಂದ ಶಿವಕುಮಾರ್.

"ಕಣ್ಣಲ್ಲಿ ಕೂದಲಿತ್ತು" ಎಂದರು ವಿಷ್ಣುಪ್ರಸಾದರು. "ಡಾಕ್ಟ್ರು ಹೇಳಿದ್ರು. ಅದು ಅಳ್ತಿರಲಿಲ್ಲ. ನಾನೇ ತಿಳೀದೆ ಹೇಳಿದ್ದು."

ಮನುಷ್ಯ ಸುಳ್ಳು ಹೇಳಿದರೆ ಜನ ತಡೆದುಕೊಳ್ಳುತ್ತಾರೆ, ತಾವು ನಂಬಿದ್ದನ್ನು ಆಮೇಲೆ ಸುಳ್ಳೆಂದರೆ ಮಾತ್ರ ತಡೆದುಕೊಳ್ಳುವುದಿಲ್ಲ. ಶರಾವತಿ, "ಅಪ್ಪ ಹೋಗಿ ಒಂಬತ್ತೇ ದಿನ. ಇದ್ದ ಒಂದು ಕಣ್ಣೀರನ್ನೂ ಒರೆಸಿ ಹಾಕಿದ್ರಲ್ಲ ನೀವು" ಎಂದು ಒಳಗೆ ಹೋದಳು. ವೇದತ್ತೆ, "ಹಾಗಾದ್ರೆ ನಾನು ಗಂಟಲು ಕಟ್ಟಿಸ್ಕೊಂಡಿದ್ದು ಕೂದಲಿಗಾ?" ಎಂದರು. ಯುವರಾಜ, "ಅಂಕಲ್, ಹದಿಮೂರನೇ ದಿನದ ಸಭೆ ಲೈವ್ ಹಾಕ್ತೀನಿ ಅಂದಿದೀನಿ, ನಾಲ್ಕು ಸಾವಿರ ಜನ ಕಾಯ್ತಿದ್ದಾರೆ" ಎಂದು ತಲೆ ಮೇಲೆ ಕೈಹೊತ್ತು ಕೂತ. ಹಳೆಯ ವಿದ್ಯಾರ್ಥಿಗಳಲ್ಲಿ ಒಬ್ಬ ತೀರಾ ಸಭ್ಯವಾಗಿ ಒಂದು ಸಲಹೆ ಕೊಟ್ಟ: ಸಭೆಯ ದಿನದ ಮಟ್ಟಿಗೆ ಸ್ವಲ್ಪ ಈರುಳ್ಳಿ ಹಿಂಡಿದರೆ?

ವಿಷ್ಣುಪ್ರಸಾದರು ನಾಯಿಯನ್ನು ಎತ್ತಿಕೊಂಡರು. ಯಾವತ್ತೂ ಯಾರಿಗೂ ಎದುರು ಹೇಳಿದವರಲ್ಲ. ಶಾಮಿಯಾನದವನ ಜಗಳದಲ್ಲೂ ಕೊನೆಗೆ ಇವರೇ ಸಾರಿ ಕೇಳಿದ್ದರು.

"ಇದರ ಕಣ್ಣಿಗೆ ಇನ್ನು ಯಾರಾದ್ರೂ ಏನಾದ್ರೂ ಹಾಕಿದ್ರೆ ನಾನು ಮನುಷ್ಯ ಆಗಿರಲ್ಲ" ಎಂದರು. "ಬಿರುದು ಬೇಕಾದ್ರೆ ವೇದತ್ತೆಗೆ ಕೊಡಿ."

ಶಾಲು ವಾಪಸು ಹೋಯಿತು. ಆ ರಾತ್ರಿ ಊಟಕ್ಕೆ ಅವರ ಎಲೆಗೆ ಬಡಿಸುವವರು ಪಲ್ಯ ಮರೆತರು, ಸಾರು ಮರೆತರು. ಪುಟ್ಟಲಕ್ಷ್ಮಮ್ಮ ಒಬ್ಬರೇ ಎದ್ದು ಬಂದು ಮಜ್ಜಿಗೆ ಬಡಿಸಿ ಹೋದರು.

ಹತ್ತನೆಯ ದಿನದ ಕರ್ಮ ಭದ್ರಾ ನದಿಯ ದಂಡೆಯಲ್ಲಿ. ಗಂಡಸರಷ್ಟೇ ಹೋಗಿದ್ದರು. ಪ್ರಕಾಶ್ ಒದ್ದೆ ಪಂಚೆಯಲ್ಲಿ ಕೂತು ಪಿಂಡ ಇಟ್ಟ. ಪುರೋಹಿತರಾದ ಭಟ್ಟರು ಎಲ್ಲರನ್ನೂ ಹಿಂದಕ್ಕೆ ಸರಿಸಿದರು. ಇನ್ನು ಕಾಗೆ ಬಂದು ಮುಟ್ಟಬೇಕು. ಮುಟ್ಟಿದರೆ ಹೋದವರಿಗೆ ತೃಪ್ತಿ, ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ ಎಂದು ಅರ್ಥ. ಕಾಗೆಗೇನೂ ಕೊರತೆ ಇರಲಿಲ್ಲ. ಎದುರಿನ ಮರದಲ್ಲಿ ಏಳು ಕೂತಿದ್ದವು. ಒಂದೂ ಇಳಿಯಲಿಲ್ಲ.

ಅರ್ಧ ಗಂಟೆ ಆಯಿತು. ಭಟ್ಟರು ಗಡಿಯಾರ ನೋಡಿಕೊಂಡರು. ಅವರಿಗೆ ಒಂದು ಗಂಟೆಗೆ ಜನ್ನಾಪುರದಲ್ಲಿ ಗೃಹಪ್ರವೇಶವಿತ್ತು.

"ಏನೋ ಮನಸ್ಸಲ್ಲಿ ಇಟ್ಕೊಂಡಿದ್ದಾರೆ. ಮಾತು ಕೊಡಿ" ಎಂದರು.

ಪ್ರಕಾಶ್ ಕೈಮುಗಿದ. "ಅಪ್ಪ, ಅಮ್ಮನ್ನ ಚೆನ್ನಾಗಿ ನೋಡ್ಕೋತೀನಿ." ಒಂದು ಕಾಗೆ ರೆಕ್ಕೆ ಕೆರೆದುಕೊಂಡಿತು. "ನಿಮ್ಮ ಪುಸ್ತಕ ಒಂದನ್ನೂ ರದ್ದಿಗೆ ಹಾಕಲ್ಲ." ಕಾಗೆ ಕೆರೆಯುವುದನ್ನು ನಿಲ್ಲಿಸಿತು, ಇಳಿಯಲಿಲ್ಲ.

ಶಿವಕುಮಾರ್ ಮುಂದೆ ಬಂದ. "ಸಾರ್, ನಿಮ್ಮ ಹೆಸರಲ್ಲಿ ಶಾಲೆಗೆ ಒಂದು ವಾಟರ್ ಫಿಲ್ಟರ್ ಹಾಕಿಸ್ತೀವಿ." ಎರಡು ಕಾಗೆಗಳು ಹಾರಿಹೋದವು. "ಎರಡು ಫಿಲ್ಟರ್ ಸಾರ್" ಎಂದ ಅವನು ಗಾಬರಿಯಿಂದ.

ಮುಕ್ಕಾಲು ಗಂಟೆ ದಾಟಿತು. ಭಟ್ಟರು ತಗ್ಗಿದ ದನಿಯಲ್ಲಿ, "ಮನೇಲಿ ಇತ್ತೀಚೆಗೆ ಏನಾದ್ರೂ ಅಸಮಾಧಾನ ಆಯ್ತಾ?" ಎಂದು ಕೇಳಿದರು. ದಂಡೆಯ ಮೇಲಿದ್ದವರೆಲ್ಲ ಒಟ್ಟಿಗೆ ವಿಷ್ಣುಪ್ರಸಾದರ ಕಡೆ ತಿರುಗಿದರು. ಮೇಷ್ಟರಿಗಾಗಿ ಅಳುತ್ತಿದ್ದ ಒಂದು ಜೀವವನ್ನು ಸುಮ್ಮನಾಗಿಸಿದವನು ಇನ್ನು ಯಾರು? ಪ್ರಕಾಶನಂತೂ ಕೂತಲ್ಲಿಂದಲೇ, "ಏನು ಮಾಡಿಬಿಟ್ರಿ ಭಾವ" ಎಂದ. ವಿಷ್ಣುಪ್ರಸಾದರಿಗೆ ನದಿಗೆ ಹಾರಬೇಕೆನಿಸಿತು, ಆದರೆ ನೀರು ಮೊಣಕಾಲುದ್ದವಷ್ಟೇ ಇತ್ತು. ಅಷ್ಟರಲ್ಲಿ ಅವರ ಜೇಬಿನ ಫೋನು ಹೊಡೆದುಕೊಂಡಿತು.

"ಆಯ್ತಾ ಅಳಿಯಂದಿರೇ?" ಪುಟ್ಟಲಕ್ಷ್ಮಮ್ಮ.

"ಇಲ್ಲ ಅತ್ತೆ. ಕಾಗೆ ಬರ್ತಿಲ್ಲ. ಬೆಳ್ಳಿ ಕಣ್ಣು ಒರೆಸಿದ್ದಕ್ಕೇ ಹೀಗಾಯ್ತು ಅಂತಿದ್ದಾರೆ ಎಲ್ಲರೂ."



"ಫೋನು ಜೋರಾಗಿ ಕೇಳಿಸೋ ಹಾಗೆ ಮಾಡಿ. ಕಾಗೆ ಕಡೆ ಹಿಡೀರಿ."

ವಿಷ್ಣುಪ್ರಸಾದರು ಹಾಗೇ ಮಾಡಿದರು. ಎರಡೂ ಕೈಯಲ್ಲಿ ಫೋನು ಹಿಡಿದು ಮರದ ಕಡೆಗೆ ಚಾಚಿ ನಿಂತರು. ಇಂಥದೊಂದು ವಿಧಿ ಯಾವ ಶಾಸ್ತ್ರದಲ್ಲೂ ಇಲ್ಲವೆಂದು ಭಟ್ಟರು ಹೇಳಲು ಹೊರಟವರು ಗಡಿಯಾರ ನೋಡಿಕೊಂಡು ಸುಮ್ಮನಾದರು.

"ರೀ, ಕೇಳಿಸ್ತಾ?" ಎಂದಿತು ಫೋನು. "ಬೆಳ್ಳಿ ಕಣ್ಣಿಗೆ ಏನೂ ಆಗಿಲ್ಲ. ನಿನ್ನೆ ಅಳಿಯಂದಿರು ಒರೆಸಿದ್ದಾರೆ. ನೀವು ಒರೆಸ್ತಿದ್ದ ಹಾಗೇ, ನೀರು ಕುದಿಸಿ ಆರಿಸಿಯೇ ಒರೆಸಿದ್ದಾರೆ. ಒಂದು ಕಣ್ಣಿನ ಹತ್ತಿ ಇನ್ನೊಂದಕ್ಕೆ ಹಾಕಿಲ್ಲ, ನಾನು ಬಚ್ಚಲ ಬಾಗಿಲ ಸಂದೀಲಿ ನಿಂತು ನೋಡಿದೀನಿ. ಇನ್ನು ಮುಂದೂ ದಿನಾ ಅವರೇ ಒರೆಸ್ತಾರೆ. ನೀವು ಆ ಯೋಚನೆ ಬಿಟ್ಟು ಊಟ ಮಾಡಿ."

ಎಲ್ಲಕ್ಕಿಂತ ಕೆಳಗಿನ ಕೊಂಬೆಯಲ್ಲಿದ್ದ ಕಾಗೆ ಕತ್ತು ಓರೆ ಮಾಡಿತು. ಆಮೇಲೆ ಇಳಿದು ಬಂದು, ಪಿಂಡದ ಸುತ್ತ ಎರಡು ಹೆಜ್ಜೆ ಹಾಕಿ, ಕುಕ್ಕಿತು. ಹಿಂದೆಯೇ ಉಳಿದವೂ ಬಂದವು. ಪ್ರಕಾಶ್ ಅಲ್ಲೇ ದರ್ಭೆಯ ಮೇಲೆ ಕೂತು ಎಲ್ಲರೆದುರು ಗಟ್ಟಿಯಾಗಿ ಅತ್ತುಬಿಟ್ಟ. ಶಿವಕುಮಾರ್ ಅವನ ಬೆನ್ನು ಸವರುತ್ತಾ ತಾನೂ ಅತ್ತ. ಯಾರೂ ಅದನ್ನು ವಿಡಿಯೋ ಮಾಡಲಿಲ್ಲ.

ವಿಷ್ಣುಪ್ರಸಾದರು ಭಟ್ಟರನ್ನು ಬದಿಗೆ ಕರೆದರು. "ದಿನಾ ಒರೆಸ್ತಾರೆ ಅಂತ ಅತ್ತೆ ಹೇಳಿಬಿಟ್ರು. ನಾನು ಇರೋದು ಆಲ್ಕೊಳದಲ್ಲಿ."

"ಕಾಗೆ ಮುಟ್ಟಿಯಾಯ್ತಲ್ಲ" ಎಂದರು ಭಟ್ಟರು ಚೀಲ ಕಟ್ಟುತ್ತಾ. "ಕಾಗೆ ಮುಟ್ಟಿದ ಮೇಲೆ ಮಾತು ಮಾತೇ. ತಿದ್ದುಪಡಿ ಇಲ್ಲ."

ನಾಯಿಯನ್ನು ಆಲ್ಕೊಳಕ್ಕೆ ಕರೆದೊಯ್ಯುವ ಪ್ರಸ್ತಾಪ ಇಟ್ಟು ನೋಡಿದರು. ಬೆಳ್ಳಿ ಈ ಜಗಲಿ ಬಿಟ್ಟು ಇರುವುದಿಲ್ಲ ಎಂದರು ಪುಟ್ಟಲಕ್ಷ್ಮಮ್ಮ. ಪ್ರಕಾಶ್ ಒರೆಸಲಿ ಎಂದರೆ, ಅವನ ಕೈ ಒರಟು, ಮೇಲಾಗಿ ಮಾತು ಕೊಟ್ಟದ್ದು ಅವನ ಹೆಸರಿನಲ್ಲಿ ಅಲ್ಲ ಎಂದರು. ಹೀಗಾಗಿ ವಿಷ್ಣುಪ್ರಸಾದರು ಈಗ ದಿನಾ ಬೆಳಿಗ್ಗೆ ಆರು ಗಂಟೆಯ ಬಸ್ಸಿಗೆ ಭದ್ರಾವತಿಗೆ ಹೋಗಿ, ಏಳಕ್ಕೆ ನಾಯಿಯ ಕಣ್ಣು ಒರೆಸಿ, ಅತ್ತೆ ಕೊಟ್ಟ ಕಾಫಿ ಕುಡಿದು, ಎಂಟರ ಬಸ್ಸಿಗೆ ವಾಪಸು ಬಂದು ಕಚೇರಿ ಸೇರುತ್ತಾರೆ. ಯಾಕೆ ಹೀಗೆ ಓಡಾಡುತ್ತೀರಿ ಎಂದು ಕಂಡಕ್ಟರು ಒಂದು ವಾರ ಕೇಳಿದ. ಉತ್ತರ ಕೇಳಿದ ಮೇಲೆ ಮತ್ತೆ ಕೇಳಲಿಲ್ಲ.

ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ, ಬೆಳ್ಳಿಯ ಬಲಗಣ್ಣಿನ ಮೇಲೆ ಒದ್ದೆ ಹತ್ತಿ ಇಟ್ಟು ಕಾಯುತ್ತಾ ಅವರು ಕೇಳಿಯೇಬಿಟ್ಟರು.

"ಅತ್ತೆ, ಇದರ ಕಣ್ಣು ಮೊದಲಿಂದಲೂ ಹೀಗೇ ಅಂತ ನಿಮಗೆ ಗೊತ್ತಿತ್ತು. ಆವತ್ತು ನಾನು ಅಳ್ತಿದೆ ಅಂದಾಗಲೇ ಒಂದು ಮಾತು ಹೇಳಬಾರದಿತ್ತಾ? ಊರಿಗೆಲ್ಲ ಸುಳ್ಳು ಹೇಳಿದ ಹಾಗಾಯ್ತು."

ಪುಟ್ಟಲಕ್ಷ್ಮಮ್ಮ ಹತ್ತಿಯ ಉಂಡೆಯಿಂದ ಸಣ್ಣ ಸಣ್ಣ ತುಂಡು ಕಿತ್ತು ತಟ್ಟೆಯಲ್ಲಿ ಇಡುತ್ತಿದ್ದರು.

"ಮರಿಯಾಗಿ ಬಂದಾಗಿಂದ ಇದರ ಕಣ್ಣಲ್ಲಿ ನೀರು ಬರ್ತಾನೇ ಇತ್ತು. ಒಂಬತ್ತು ವರ್ಷ ದಿನಾ ಅವರು ಒರೆಸ್ತಾ ಇದ್ರು, ಯಾರಿಗೂ ಕಾಣಲಿಲ್ಲ. ಅವರು ಹೋದ್ರು, ಎಲ್ಲರಿಗೂ ಕಾಣ್ತು. ಅವರು ಇಲ್ಲ ಅಂತಾನೇ ತಾನೇ ಅದರ ಕಣ್ಣಲ್ಲಿ ನೀರು ಬಂದಿದ್ದು? ನೀವು ಸುಳ್ಳೇನೂ ಹೇಳಲಿಲ್ಲ."

ಅವರು ಒಂದು ಹೊಸ ತುಂಡು ಹತ್ತಿಯನ್ನು ಅದ್ದಿ, ಹಿಂಡಿ, ಅಳಿಯನ ಕೈಗೆ ಕೊಟ್ಟರು.

"ಆ ಕಣ್ಣು ಆಯ್ತು. ಈ ಕಣ್ಣು ಒರೆಸಿ, ಕಾಫಿ ಆರುತ್ತೆ."